ಬರಿಗೈಯಲ್ಲಿ ಮುಟ್ಟಿದ ಗೆರೆ

ಪೀರಬಿಯ ಚಹಾದಂಗಡಿಯಲ್ಲಿ ಆ ಭಾನುವಾರ ಮಧ್ಯಾಹ್ನ ಎದ್ದ ಬೈಗುಳವನ್ನು ಗೋಳಗುಮ್ಮಟದೊಳಗೆ ಬಿಟ್ಟಿದ್ದರೆ, ಏಳು ಸಲ ಹೇಳುವ ಗುಮ್ಮಟ ಎಪ್ಪತ್ತು ಸಲ ಹೇಳಿ, ಆಮೇಲೆ ಸುಸ್ತಾಗಿ ನೆಲಕ್ಕೆ ಕೂತುಬಿಡುತ್ತಿತ್ತು. ಸಿಂದಗಿ ಬಸ್ ನಿಲ್ದಾಣದ ಮಗ್ಗುಲಿನ ಆ ಅಂಗಡಿಯಲ್ಲಿ ಹದಿನೆಂಟು ಜನ ಕೂರಬಹುದು. ಅವತ್ತು ಇಡೀ ತಾಲೂಕೇ ಕೂತಿತ್ತು, ಹಿಡಿಸದ ಹಳ್ಳಿಗಳು ಹೊರಗೆ ನಿಂತಿದ್ದವು. ಬೈಗುಳವೆಲ್ಲ ಟಿ.ವಿ.ಯೊಳಗೆ ಗುಲಾಬಿ ಅಂಗಿ ತೊಟ್ಟು, ಕಿವಿಗೆ ವೈರು ಸಿಕ್ಕಿಸಿಕೊಂಡು, ಬಲಗೈ ಎತ್ತಿ ನಿಂತಿದ್ದ ರೆಫ್ರಿಯ ಮೇಲೆ. ರೆಫ್ರಿ ಹೆಂಗಸು. ಅದೇ ದೊಡ್ಡ ತೊಡಕಾಗಿತ್ತು, ಯಾಕೆಂದರೆ ನಮ್ಮ ಕಡೆಯ ಬೈಗುಳಗಳೆಲ್ಲ ಗಂಡಸಿನ ಅಳತೆಗೆ ಹೊಲಿದವು. ಅರ್ಧ ಬಾಯಿಂದ ಹೊರಬಿದ್ದ ಮಾತನ್ನು ಒಳಗೆಳೆದುಕೊಂಡು, ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು ಒಗೆಯಬೇಕಾಗಿತ್ತು. ಆ ತಡಕ್ಕೆ ಸಿಟ್ಟು ಇನ್ನಷ್ಟು ಏರುತ್ತಿತ್ತು.

"ಕುಡ್ಡಿ ಅದಾಳಲೇ ಆಕಿ! ಕಣ್ಣಾಗ ಕಲ್ಲುಪ್ಪ ಬಿದ್ದೈತಿ!"

"ಕೈ ಗೆರಿ ದಾಟೇತೋ ಇಲ್ಲೋ? ದೀಡ ಗೇಣ ದಾಟೇತಿ! ಇನ್ನೇನ ಆಕಿ ಮನಿಗಿ ಹೋಗಿ ಬಾಗಲಾ ಬಡೀಬೇಕಾಗಿತ್ತನ?"

ಬಸಂತರಾಯ ಮಾಸ್ತರ ಮಾತ್ರ ಬೈಯಲಿಲ್ಲ. ಅವನ ಕುರ್ಚಿ ಓರೆಯಾಗಿತ್ತು. ಹನ್ನೆರಡು ಸೆಕೆಂಡಿನ ಹಿಂದೆ ನಾಲ್ಕು ಜನ ಅವನನ್ನು ಕುರ್ಚಿಸಮೇತ ಮೇಲಕ್ಕೆತ್ತಿದ್ದರು. ರೆಫ್ರಿಯ ಸೀಟಿ ಕೇಳಿದ್ದೇ ನಾಲ್ಕೂ ಜನ ಒಂದೇ ಸಲ ಕೈಬಿಟ್ಟಿದ್ದರು. ಬೀಳುವಾಗ ಅವನ ಚಹಾ ಅವನ ತೊಡೆಯ ಮೇಲೇ ಚೆಲ್ಲಿತ್ತು, ಯಾರೂ ನೋಡಿರಲಿಲ್ಲ. ಬಿಸಿ ಚರ್ಮಕ್ಕೆ ಇಳಿಯುತ್ತಿದ್ದರೂ ಅವನು ಪಂಚೆ ಜಾಡಿಸಲಿಲ್ಲ. ಜಾಡಿಸಿದರೆ ಯಾರಾದರೂ ನಗಬಹುದು ಎನ್ನಿಸಿತು. ಐವತ್ತನಾಲ್ಕು ವರ್ಷದ ಬದುಕಿನಲ್ಲಿ ಯಾವ ಅವಮಾನವನ್ನೂ ಅವನು ಜಾಡಿಸಿಕೊಂಡವನಲ್ಲ. ಒಣಗುವ ತನಕ ಕಾದು, ಕಲೆಯ ಮೇಲೆ ಹೊಸ ಬಟ್ಟೆ ತೊಟ್ಟವನು.

ಅವನನ್ನು ಎತ್ತಿದ್ದಕ್ಕೆ ಕಾರಣವಿತ್ತು. ರಗ್ಬಿ ಎಂಬ ಶಬ್ದವನ್ನು ತಿಂಗಳ ಹಿಂದೆ ಸಿಂದಗಿಯಲ್ಲಿ ಕೇಳಿದ್ದರೆ ಜನ ಅದನ್ನು ಹೊಸ ತಳಿಯ ಹತ್ತಿಬೀಜ ಅಂದುಕೊಂಡು, ಎಕರೆಗೆ ಎಷ್ಟು ಬೀಳ್ತದ ಅಂತ ಕೇಳುತ್ತಿದ್ದರು. ಮೋರಟಗಿಯ ಕುರಿಗಾರ ರೇವಣಪ್ಪನ ಮಗಳು ಕಾವೇರಿ ಭಾರತದ ಹೆಣ್ಣುಮಕ್ಕಳ ತಂಡದಲ್ಲಿ ಏಷ್ಯಾ ಪಂದ್ಯಾವಳಿಗೆ ಆಯ್ಕೆಯಾದ ಸುದ್ದಿ ಬಂದ ಮೇಲೆ ಊರಿನಲ್ಲಿ ತೊಗರಿಗೆ ಬಿದ್ದ ಹುಳಕ್ಕಿಂತ ಹೆಚ್ಚು ರಗ್ಬಿ ಪಂಡಿತರು ಹುಟ್ಟಿಕೊಂಡರು. ಪಂಡಿತರಿಗೆಲ್ಲ ಪಂಡಿತ ಬಸಂತರಾಯ. ಪಿ.ಟಿ. ಮಾಸ್ತರ, ಕಾವೇರಿಗೆ ಕಬಡ್ಡಿ ಕಲಿಸಿದ ಗುರು, ಮೊಬೈಲಿನಲ್ಲಿ ನೂರೈವತ್ತು ಪುಟದ ನಿಯಮಗಳನ್ನು ಇಳಿಸಿಕೊಂಡು ಮೂವತ್ತು ಪುಟ ಓದಿ, ಮುನ್ನೂರು ಪುಟದ ವ್ಯಾಖ್ಯಾನ ಕೊಟ್ಟವನು. ಏಳು ನಿಮಿಷಕ್ಕೊಂದು ಅರ್ಧ, ಒಂದೊಂದು ಕಡೆಗೆ ಏಳೇಳು ಜನ. ಚೆಂಡನ್ನು ಗೆರೆಯಾಚೆ ಒಯ್ದು ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಪಾಯಿಂಟು. ಎಂಟು ದಿನ ಅವನು ಹೇಳಿದ್ದನ್ನು ಅಂಗಡಿ ಬಾಯ್ತೆರೆದು ಕೇಳಿತ್ತು. ಪೀರಬಿಯ ಅಂಗಡಿಯ ತಗಡಿನ ಬಾಗಿಲ ಮೇಲೆ ಪ್ರತಿಯೊಬ್ಬನೂ ಸೀಮೆಸುಣ್ಣದಲ್ಲಿ ತನ್ನ ಭವಿಷ್ಯ ಬರೆದಿದ್ದ. ಒಬ್ಬ ಭಾರತಕ್ಕೆ ಇನ್ನೂರು ಪಾಯಿಂಟು ಕೊಟ್ಟಿದ್ದ, ಕ್ರಿಕೆಟ್ಟಿನ ಚಾಳಿ. ಬಸಂತರಾಯ ಮಾತ್ರ ದುಂಡಗೆ ಬರೆದದ್ದು: ಭಾರತ ೧೭, ಹಸಿರಂಗಿ ೧೪, ಕೊನೆಯ ಟ್ರೈ ಕಾವೇರಿ. ಎದುರಿನವರ ದೇಶದ ಹೆಸರು ನಾಲಗೆಗೆ ಹೊರಳದ್ದರಿಂದ ಊರೆಲ್ಲ ಅವರನ್ನು ಹಸಿರಂಗಿ ಎಂದೇ ಕರೆಯುತ್ತಿತ್ತು.

ಆಮೇಲೆ ನಡೆದದ್ದನ್ನು ಬ್ರಹ್ಮನೂ ಅಷ್ಟು ಕರಾರುವಾಕ್ಕಾಗಿ ಬರೆಯುತ್ತಿರಲಿಲ್ಲ. ಹಸಿರಂಗಿ ಹದಿನಾಲ್ಕು, ಭಾರತ ಹನ್ನೆರಡು. ಸಮಯ ಮುಗಿದ ಭೋಂಗಾ ಆಗಿದೆ, ಚೆಂಡು ಇನ್ನೂ ಆಟದಲ್ಲಿದೆ. ಚೆಂಡು ಕಾವೇರಿಯ ಕೈಗೆ. ಅವಳು ಓಡಿದಳು. ಮೋರಟಗಿಯ ಕಪ್ಪು ನೆಲದಲ್ಲಿ ತೋಳ ಬಂದಾಗ ಕುರಿಗಳ ಹಿಂದೆ ಓಡಿದ ಕಾಲು ಅದು, ಗಾಳಿಯೇ ಬದಿಗೆ ಸರಿದು ದಾರಿ ಬಿಟ್ಟಿತು. ಗೆರೆಗೆ ಒಂದು ಮಾರು ಇರುವಾಗ ಇಬ್ಬರು ಹಸಿರಂಗಿಯವರು ಅವಳ ಕಾಲಿಗೆ ಬಿದ್ದರು. ಕಾವೇರಿ ನೆಲಕ್ಕುರುಳಿದಳು, ಎಡಗೈಯಲ್ಲಿ ಚೆಂಡನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡಳು, ಬಲಗೈ ಚಾಚಿದಳು. ಐದೂ ಬೆರಳು ಬಿಳಿ ಗೆರೆಯನ್ನು ದಾಟಿ ಹುಲ್ಲು ಹಿಡಿದವು. ಅಂಗಡಿಗೆ ಅಂಗಡಿಯೇ ಎದ್ದು ನಿಂತಿತು, ಮಾಸ್ತರನ ಕುರ್ಚಿ ಆಕಾಶಕ್ಕೇರಿತು. ಹುಟ್ಟಿದಾಗಿನಿಂದ ಕಬಡ್ಡಿ ನೋಡಿದ ಊರಿಗೆ ಗೆರೆಗೆ ಇರುವುದು ಒಂದೇ ಅರ್ಥ: ಕೈ ಮುಟ್ಟಿತೋ, ಜೀವ ಉಳಿಯಿತು.

ರೆಫ್ರಿ ಸೀಟಿ ಊದಿದಳು. ನೆಲಕ್ಕೆ ಬಿದ್ದ ಮೇಲೂ ಚೆಂಡು ಬಿಡದ್ದಕ್ಕೆ ತಪ್ಪು ಕಾವೇರಿಯದು ಎಂದು ಕೈ ಎತ್ತಿದಳು. ಹಸಿರಂಗಿಯವರು ಚೆಂಡನ್ನು ಹೊರಗೊದ್ದು ಕುಣಿದರು. ಮುಗಿಯಿತು.

ಕುರ್ಚಿಯಿಂದ ಬಿದ್ದ ಕ್ಷಣದಿಂದ ಬಸಂತರಾಯನಿಗೆ ಕಾಣುತ್ತಿದ್ದದ್ದು ಆ ಬರಿಗೈ ಒಂದೇ. ಟಿ.ವಿ.ಯವರು ಅದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು, ನಿಧಾನವಾಗಿ, ಇನ್ನೂ ನಿಧಾನವಾಗಿ, ದೊಡ್ಡದಾಗಿ. ಕೈ ಬರುತ್ತಿತ್ತು, ಗೆರೆ ದಾಟುತ್ತಿತ್ತು, ಹುಲ್ಲು ಹಿಡಿಯುತ್ತಿತ್ತು. ಪ್ರತಿಸಲವೂ ಅಂಗಡಿ ಹೊಸದಾಗಿ ನೋಡಿದಂತೆ ಚೀರುತ್ತಿತ್ತು. ಅವನಿಗೆ ಸಿಟ್ಟು ಬರುತ್ತಿತ್ತು. ಚೀರುವವರ ಮೇಲೆ, ಈ ಕೈಯನ್ನು ಇಷ್ಟು ದೊಡ್ಡದು ಮಾಡಿ ತೋರಿಸುವ ಯಂತ್ರದ ಮೇಲೆ, ತನ್ನ ಎದೆಯ ಕೂದಲಿಗೆ ಬೆವರಿನಲ್ಲಿ ಅಂಟಿಕೊಂಡ ಸೀಟಿಯ ಮೇಲೆ. ಆ ಸೀಟಿಯನ್ನು ಅವನು ರಜೆಯ ದಿನವೂ ಅಂಗಿಯೊಳಗೆ ಹಾಕಿಕೊಳ್ಳುತ್ತಿದ್ದ, ಕೆಲವರು ಲಿಂಗ ಕಟ್ಟಿಕೊಂಡಂತೆ. ಆ ಕೈ ಅವನಿಗೆ ಗೊತ್ತಿತ್ತು. ರೆಟ್ಟೆ ತಿರುವುವ ರೀತಿ, ಮುಂಗೈ ನೆಲಕ್ಕೆ ಒರೆಸಿಕೊಂಡು ಹೋಗುವ ರೀತಿ. ಎದೆ ಮೊದಲು ಬೀಳಬಾರದು ಹುಡುಗಿ, ಹೆಗಲು ಮೊದಲು, ಆಮೇಲೆ ಕೈ, ಆಮೇಲೆ ಬೆರಳು. ಸುಣ್ಣದ ಗೆರೆಯ ಮೇಲೆ ತಾನೇ ಕಾಲು ಮುರಿಯುವಂತೆ ಕೂತು, ಅವಳ ಬೆರಳು ಒಂದೊಂದಾಗಿ ಬಿಡಿಸಿ ಕಲಿಸಿದ್ದ.

"ಬಸಂತರಾಯ ಸರ, ನೀವ್ ಹೇಳ್ರಿ!" ಸಿದ್ದಲಿಂಗ ಎದ್ದು ನಿಂತಿದ್ದ. ಮುದ್ದೇಬಿಹಾಳದವನು, ಸಿಂದಗಿ–ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ. ಅವನ ಬಸ್ಸು ಬಿಡುವ ಹೊತ್ತಾಗಿ ಅರ್ಧ ತಾಸಾಗಿತ್ತು, ಆದರೆ ಚಾಲಕನೂ ಐವತ್ತು ಪ್ರಯಾಣಿಕರೂ ಈ ಅಂಗಡಿಯಲ್ಲೇ ಇದ್ದದ್ದರಿಂದ ಯಾರಿಗೂ ತಡವಾಗಿರಲಿಲ್ಲ. "ನಿಮ್ಮಂಥಾ ನ್ಯಾಯದ ಮನಷ್ಯಾ ಈ ಜಿಲ್ಲಾದಾಗ ಎರಡನೇದಂವ ಇಲ್ಲ. ಬಾಗೇವಾಡಿ ಫೈನಲ್ ನಾ ಕಣ್ಣಾರೆ ನೋಡೇನಿ. ನೀವ್ ಹೇಳಿದ್ದಕ್ಕ ಮ್ಯಾಲ ಯಾವ ರೆಫ್ರಿನೂ ಇಲ್ಲ."

ಬಾಗೇವಾಡಿ ಅಂದದ್ದೇ ತೊಡೆಯ ಮೇಲಿನ ಚಹಾ ತಣ್ಣಗಾಯಿತು. ಬಸವನ ಬಾಗೇವಾಡಿಯ ಆ ಮೈದಾನದಲ್ಲಿ ಅವತ್ತು ಬಿಸಿಲು ಎಷ್ಟಿತ್ತೆಂದರೆ ಹಾಕಿದ ಸುಣ್ಣದ ಗೆರೆ ತಾನೇ ಬೆಂದು ಇನ್ನೊಮ್ಮೆ ಸುಣ್ಣವಾಗಿತ್ತು. ಆರು ವರ್ಷದ ಹಿಂದೆ. ಶಾಲೆಗಳ ಜಿಲ್ಲಾ ಕಬಡ್ಡಿ, ಹುಡುಗಿಯರ ಫೈನಲ್, ಸಿಂದಗಿಗೂ ಮುದ್ದೇಬಿಹಾಳಕ್ಕೂ. ರೆಫ್ರಿಯಾಗಬೇಕಿದ್ದ ಇಂಡಿ ತಾಲೂಕಿನ ಮಾಸ್ತರ ಬರಲಿಲ್ಲ, ಬಸಂತರಾಯನ ಕೊರಳಿಗೆ ಸೀಟಿ ಬಿತ್ತು. ತನ್ನ ತಾಲೂಕಿನ ಹುಡುಗ್ಯಾರಿಗಿ ತಾನೇ ಸೀಟಿ ಊದ್ತಾನ ನೋಡ್ರಿ ಅಂತ ಮುದ್ದೇಬಿಹಾಳದ ಮೂರು ಟೆಂಪೋ ಜನ ಮೂರು ಸಾವಿರ ಬಾಯಿಂದ ಕೂಗಿದರು. ಕೊನೆಯ ದಾಳಿ ಕಾವೇರಿಯದು. ನಾಲ್ವರು ಅವಳ ಮೇಲೆ ಬಿದ್ದರು, ಅವಳು ರಾಶಿಯ ಕೆಳಗಿಂದ ಬಲಗೈ ಚಾಚಿದಳು, ನಡುಗೆರೆಗೆ ಬೆರಳ ತುದಿ ತಾಗಿತು. ತಾಗಿದ್ದನ್ನು ಅವನು ನೋಡಿದ. ಮಣ್ಣಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ನೋಡಿ, ತಲೆಯೆತ್ತಿ, ಆ ಮೂರು ಸಾವಿರ ಬಾಯಿಗಳನ್ನು ನೋಡಿದ. ಭಯವಾಗಿತ್ತು ಅಂತ ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಭಯವಾಗಿರಲಿಲ್ಲ. ಆ ಕ್ಷಣ ಅವನ ನೆತ್ತಿಯಲ್ಲಿ ಒಂದು ಸಿಹಿ ಏರಿತ್ತು: ಈಗ ಔಟ್ ಅಂದರೆ ಇವರೆಲ್ಲ ಏನಂದಾರು. ಅಂದ. ಅವರು ಅವನನ್ನು ಹೆಗಲ ಮೇಲೆ ಹೊತ್ತರು, ತಮ್ಮ ಕಪ್ಪಿಗೆ ತಂದ ಹಾರವನ್ನು ಅವನ ಕೊರಳಿಗೆ ಹಾಕಿದರು. ಆ ಫೋಟೋ ಇವತ್ತಿಗೂ ಶಾಲೆಯ ಸ್ಟಾಫ್ ರೂಮಿನಲ್ಲಿದೆ, ಕೆಳಗೆ ‘ನ್ಯಾಯದ ಮಾಸ್ತರ’ ಎಂದು ಬರೆದಿದೆ. ಮದುವೆಯ ಜಗಳದಿಂದ ಹಿಡಿದು ಹೊಲದ ಬದುವಿನ ತಂಟೆಯ ತನಕ ನಾಲ್ಕು ತಾಲೂಕಿನವರು ಅವನನ್ನು ನಡುವೆ ಕೂರಿಸಿಕೊಳ್ಳುತ್ತಾರೆ. ಹಾರ ಕೊರಳಲ್ಲಿದ್ದಾಗಲೇ ಕಾವೇರಿ ಬಂದಿದ್ದಳು, ಅಳುತ್ತಿರಲಿಲ್ಲ, ನಡುಬೆರಳು ಮುಂದೆ ಹಿಡಿದಿದ್ದಳು. ಸರ, ಉಗುರಿಗಿ ಸುಣ್ಣ ಹತ್ತೇತಿ ನೋಡ್ರಿ. ಅವನು ನೋಡಿದ. ಅದು ಮದ್ಲ ಹತ್ತಿದ ಸುಣ್ಣವ್ವಾ, ಒಂದ ಬೆರಳ ಕಡಿಮಿ ಬಿತ್ತು, ಒರಸ್ಕೊ. ಅವಳು ಲಂಗಕ್ಕೆ ಒರೆಸಿಕೊಂಡಳು. ಗುರು ಹೇಳಿದ ಮೇಲೆ ಉಗುರಿನ ಮಾತು ಯಾರು ಕೇಳುತ್ತಾರೆ.

"ಸರ?" ಅಂದ ಸಿದ್ದಲಿಂಗ.

"ರೆಫ್ರಿ ಖರೇ ಅದಾಳ," ಅಂದ ಬಸಂತರಾಯ.

ಅಂಗಡಿ ಒಮ್ಮೆ ಉಸಿರು ಎಳೆದುಕೊಂಡಿತು. ಆ ಎಳೆತಕ್ಕೆ ಪೀರಬಿಯ ಸ್ಟೋವ್ ಆರಿಹೋಯಿತು. ಅವಳು ಬೆಂಕಿಕಡ್ಡಿ ಗೀರುತ್ತ, "ಹಾಯ್ ಅಲ್ಲಾ, ಇವರಿಗೇನಾತು?" ಅಂದಳು.

"ಗೆರಿ ಮುಟ್ಟಬೇಕಾದ್ದು ಚೆಂಡು. ಕೈ ಅಲ್ಲ. ಚೆಂಡು ಆಕಿ ಎದಿಯಾಗಿತ್ತು. ಎಂಟ ದಿನಾ ಬಾಯಿ ಬಡಕೊಂಡೆ, ಒಬ್ಬನ ಕಿವ್ಯಾಗರ ಬಿತ್ತೇನಲೇ?"

ಅಷ್ಟೇ, ರೆಫ್ರಿಗೆ ಹೊಲಿದಿದ್ದ ಬೈಗುಳಗಳೆಲ್ಲ ಮಾಸ್ತರನಿಗೆ ಸರಿಯಾಗಿ ಕೂತವು, ಹೇಗೂ ಗಂಡಸಿನ ಅಳತೆ. ಹಸಿರಂಗಿಯ ಅಳಿಯ ಅಂದರು. ನಮ್ಮೂರ ಕೂಸು ಅಲ್ಲಿ ಬಿದ್ದೈತಿ, ಇಂವ ಪುಸ್ತಕಾ ಓದ್ತಾನ ಅಂದರು. ಹೊರಗೆ ನಿಂತಿದ್ದವನೊಬ್ಬ ತಗಡಿನ ಬಾಗಿಲ ಮೇಲಿನ ಅವನ ಭವಿಷ್ಯವನ್ನು ತೋಳಿನಿಂದ ಒರೆಸಿಬಿಟ್ಟ. ಬೈಸಿಕೊಳ್ಳುವುದು ಬಸಂತರಾಯನಿಗೆ ಹಿತವಾಗತೊಡಗಿತು. ಇನ್ನಷ್ಟು ಬೈಯಲಿ. ಬೈದು ಬೈದು ಆರು ವರ್ಷದ ಹಿಂದಿನದನ್ನೂ ತೀರಿಸಿಬಿಡಲಿ, ಗೊತ್ತಿಲ್ಲದೆಯೇ. ಆದರೆ ಸಿದ್ದಲಿಂಗ ಅಡ್ಡ ಬಂದ, ಟಿಕೆಟ್ ಯಂತ್ರವನ್ನು ಪೊಲೀಸನ ಲಾಠಿಯಂತೆ ಎತ್ತಿ.

"ಸುಮ್ ಕುಂದರ್ರಿ! ಅವತ್ತೂ ಇದ ಮನಷ್ಯಾ, ತನ್ನ ಹುಡುಗೀನ ಔಟ್ ಅಂದಂವ. ಇವತ್ತೂ ತನ್ನ ಹುಡುಗೀದ ತಪ್ಪ ಅಂತಾನ. ಇದಕ್ಕಂತಾರ ನ್ಯಾಯ. ನಮ್ಮ ಮುದ್ದೇಬಿಹಾಳದಾಗ ಇವರ ಹೆಸರ ಹೇಳಿ ಆಣಿ ಮಾಡ್ತಾರ!"

ಅದು ಸುಳ್ಳು, ಮುದ್ದೇಬಿಹಾಳದಲ್ಲಿ ಯಾರೂ ಅವನ ಆಣೆ ಮಾಡುತ್ತಿರಲಿಲ್ಲ. ಆದರೆ ಬೈಗುಳ ತಗ್ಗಿತು. ಇವತ್ತಿನ ನಿಜವೂ ಅವತ್ತಿನ ಸುಳ್ಳೂ ಒಂದೇ ಅಂಗಿ ತೊಟ್ಟು ಪಕ್ಕಪಕ್ಕ ನಿಂತು ಹಲ್ಲು ಕಿರಿದಂತೆ ಬಸಂತರಾಯನಿಗೆ ಅನ್ನಿಸಿತು.  ಈ ಕಂಡಕ್ಟರನ ಬಾಯಿಗೆ ಒಂದು ಬಾರಿಸಬೇಕು.

ಅಷ್ಟರಲ್ಲಿ ಒಲೆಯ ಪಕ್ಕದಿಂದ ರೇವಣಪ್ಪ ಮಾತಾಡಿದ. ಮೋರಟಗಿಯಿಂದ ಬೆಳಗಿನ ಬಸ್ಸಿಗೆ ಬಂದು, ಕಂಬಳಿ ಮಡಚಿ ನೆಲಕ್ಕೆ ಹಾಸಿ ಕೂತಿದ್ದವನು, ಮಗಳು ಬಿದ್ದಾಗಲೂ ಕೂಗಿರಲಿಲ್ಲ. ಮಾಸ್ತರನ ಎದುರು ಅವನು ಎಂದೂ ಬೆಂಚಿನ ಮೇಲೆ ಕೂತವನಲ್ಲ.

"ಸರ ಅಂದ್ರಂದ್ರ ಮುಗೀತರಿ. ನನ್ನ ಮಗಳ ಕೈನ ಗಿಡ್ಡ. ಅವತ್ತೂ ಒಂದ ಬೆರಳ ಕಡಿಮಿ ಬಿತ್ತು."

"ಇವತ್ತ ಕೈ ಮುಟ್ಟೇತೋ ರೇವಣ್ಣಾ, ಚೆಂಡ ಮುಟ್ಟಿಲ್ಲ," ಅಂದ ಸಿದ್ದಲಿಂಗ.

"ಮುಟ್ಟದ ಏನರಿ? ಎಷ್ಟ ಚಾಚ್ಯಾಳ ನನಗ ಗೊತ್ತ." ರೇವಣಪ್ಪ ನಕ್ಕ, ಅಭಿಮಾನದಿಂದ. "ಬಾಗೇವಾಡಿಯಿಂದ ಬಂದಾಕಿನ ಕುರಿದೊಡ್ಡ್ಯಾಗ ಸುಣ್ಣದ ಗೆರಿ ಎಳದ್ಲರಿ. ದಿನಾ ಹಾಲ ಹಿಂಡೂದ ಮುಗದ ಮ್ಯಾಲ ಅವರವ್ವ ಕಸ್ತೂರೆವ್ವ ಎರಡೂ ಕಾಲ ಹಿಡದ ಹಿಂದಕ ಜಗ್ಗಬೇಕ, ಈಕಿ ಬೋರಲ ಬಿದ್ದ ಗೆರಿ ಮುಟ್ಟಬೇಕ. ನೂರ ಸಲರಿ. ಕುರಿ ಎಲ್ಲಾ ನಿಂತ ನೋಡ್ತಿದ್ದು. ಹುಣ್ಣಿವಿಗೊಮ್ಮಿ ಗೆರಿ ಒಂದ ಬೆರಳ ಮುಂದಕ. ಕಬಡ್ಡಿ ಬಿಟ್ಟ ಈ ತತ್ತಿಯಂಥಾ ಚೆಂಡಿನ ಆಟಕ್ಕ ಹೋದ್ಲು ನೋಡ್ರಿ, ಆವಾಗೂ ಊರಿಗಿ ಬಂದ್ರ ಗೆರಿ ಬಿಡಲಿಲ್ಲ. ಯಾಕವ್ವಾ, ಆ ಆಟಕ್ಕ ಇದ್ಯಾಕ ಬೇಕ ಅಂದ್ರ, ಇರ್ಲಿ ಅಪ್ಪಾ, ಸರ ಒಂದ ಬೆರಳ ಕಡಿಮಿ ಅಂದಾರ ಅಂತಿದ್ಲು."

ಬಸಂತರಾಯ ಟಿ.ವಿ.ಯ ಕಡೆ ನೋಡಲೇಬಾರದೆಂದು ನೆಲ ನೋಡಿದ. ನೆಲದಲ್ಲಿ ಬೀಡಿ ತುಂಡು, ಚೆಲ್ಲಿದ ಚಹಾದ ಅಂಚಿಗೆ ಮುತ್ತಿದ ನೊಣ. ನೂರು ಸಲ. ಒಂದು ದಿನಕ್ಕೆ ನೂರು, ತಿಂಗಳಿಗೆ ಮೂರು ಸಾವಿರ. ಲೆಕ್ಕ ಮುಂದೆ ಹೋಗಲೊಲ್ಲದು. ತಾನು ಹಾಕಿದ ಒಂದು ಸುಳ್ಳಿನ ಬೆರಳಿಗೆ ಆ ಹುಡುಗಿ ಲಕ್ಷ ಸಲ ಬೋರಲು ಬಿದ್ದಿದ್ದಾಳೆ. ಬಿದ್ದು ಬಿದ್ದು ಕೈಯೇ ಬುದ್ಧಿಗಿಂತ ಮುಂದೆ ಓಡುವಂತಾಗಿದೆ. ಇವತ್ತು ಚೆಂಡು ಚಾಚಬೇಕಾದಲ್ಲಿ ಕೈ ತಾನೇ ಹೊರಟಿತು. ಗೆರೆಗೆ ಒಂದು ಮಾರು ಇತ್ತು. ಅದೇ ಬಲಗೈಯಲ್ಲಿ ಚೆಂಡಿದ್ದಿದ್ದರೆ ಆರಾಮಾಗಿ ಒತ್ತಿಬಿಡುತ್ತಿದ್ದಳು. ಹದಿನೇಳು ಹದಿನಾಲ್ಕು. ಅವನ ಭವಿಷ್ಯ ಸರಿಯಾಗಿಯೇ ಇತ್ತು, ಅದನ್ನು ಆರು ವರ್ಷ ಮೊದಲೇ ಅವನೇ ಒರೆಸಿಹಾಕಿದ್ದ.

ರೇವಣಪ್ಪ ತೊಟ್ಟ ಬಂಡಿಯ ಜೇಬಿನಲ್ಲಿ ಮೊಬೈಲು ಕುಂಯ್ ಎಂದಿತು. ಮಗಳು ಕೊಡಿಸಿದ ಮೊಬೈಲು. ಅದರಲ್ಲಿ ಅವನಿಗೆ ಬರುತ್ತಿದ್ದದ್ದು ಎರಡೇ ವಿದ್ಯೆ, ಅವಳು ಕಳಿಸಿದ ಮಾತು ಕೇಳುವುದು, ಗುಂಡಿ ಒತ್ತಿ ಹಿಡಿದು ತಾನು ಮಾತಾಡಿ ಕಳಿಸುವುದು. ಅವನು ಒತ್ತಿದ. ಅಂಗಡಿ ಕಿವಿಯಾಯಿತು. ಮೊದಲು ಬರೀ ಗದ್ದಲ, ಯಾರೋ ಮೂಗು ಎಳೆದುಕೊಂಡದ್ದು. ಆಮೇಲೆ ಕಾವೇರಿ.

"ಅಪ್ಪಾ, ಪೀರಬಿ ಚಾಚಿ ಅಂಗಡ್ಯಾಗ ಅದಿಯೇನು? ಎಲ್ಲಾರೂ ರೆಫ್ರಿಗಿ ಬೈಯಾಕತ್ತಿರ್ತಾರ, ಬೈಬ್ಯಾಡ್ರಿ ಅಂತ ಹೇಳು. ಆಕಿ ಖರೇ ಅದಾಳ. ತಪ್ಪ ನಂದ. ಚೆಂಡ ಒತ್ತೂದ ಗೊತ್ತಿತ್ತು, ಕೈ ತಾನ ಹೋತಪ್ಪಾ. ನಾ ಕಳಸಿಲ್ಲ, ತಾನ ಹೋತು. ಇಲ್ಲಿ ಎಲ್ಲಾರೂ ನನ್ನ ಮ್ಯಾಲ ಸಿಟ್ಟಾಗ್ಯಾರ." ನಡುವೆ ಉಸಿರು ಸಿಕ್ಕಿಕೊಂಡಿತು. "ಸರ ಅದಾರೇನು ಅಲ್ಲೆ? ಸರಗ ಹೇಳು, ಇವತ್ತ ಬೆರಳ ಕಡಿಮಿ ಬೀಳಲಿಲ್ಲ ಅಂತ."

 ಸಿದ್ದಲಿಂಗ ಟೋಪಿ ತೆಗೆದ. ಪೀರಬಿ ಸೆರಗಿನಿಂದ ಕಣ್ಣೊತ್ತಿಕೊಂಡು, "ನನ್ನ ಮಗಳಽ," ಅಂದಳು. ಎಲ್ಲರ ಮುಖದ ಮೇಲೂ ಆ ಹುಡುಗಿಯ ಮೇಲಿನ ಕರುಣೆ ಎಣ್ಣೆಯಂತೆ ಹರಡತೊಡಗಿತು. ಬಸಂತರಾಯನಿಗೆ ತಡೆಯಲಾಗದೆ ಹೋದದ್ದು ಆ ಎಣ್ಣೆ. ಇನ್ನು ಒಂದು ಗಳಿಗೆ ಸುಮ್ಮನಿದ್ದರೆ ಅದು ತನ್ನ ಮುಖದ ಮೇಲೂ ಹರಡಿ, ತಾನೂ ಪಾಪ ಅಂದುಬಿಡುತ್ತೇನೆ, ನಾಳೆ ಶಾಲೆಯಲ್ಲಿ ಈ ಕತೆಯನ್ನು ಸೊಗಸಾಗಿ ಹೇಳುತ್ತೇನೆ. ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಅವತ್ತೂ ಬಿದ್ದಿರಲಿಲ್ಲ!"

ಅದು ಅವನ ದನಿಯಲ್ಲ, ಮೈದಾನದ ಆಚೆ ತುದಿಗೆ ಕೇಳಿಸುವ ಪಿ.ಟಿ. ಮಾಸ್ತರನ ದನಿ. ಬಸ್ ನಿಲ್ದಾಣದಲ್ಲಿ ಕಲಬುರಗಿ ಬಸ್ಸಿಗೆ ಹತ್ತುತ್ತಿದ್ದವರೂ ತಿರುಗಿ ನೋಡಿದರು.

"ಕಡಿಮಿ ಬಿದ್ದಿರಲಿಲ್ಲ! ಮುಟ್ಟಿತ್ತು, ಗೆರಿ ಮುಟ್ಟಿತ್ತು. ನಾ ನೋಡಿದ್ದೆ. ನೋಡಿ ಔಟ್ ಅಂದೆ. ಆ ಹಾರ, ಆ ಫೋಟೋ, ಆ ನ್ಯಾಯ, ಎಲ್ಲಾ ಸುಳ್ಳ! ಎಲ್ಲಾರೂ ರೆಫ್ರಿಗಿ ಕುಡ್ಡಿ ಅಂತೀರಲ್ಲ, ಕುಡ್ಡ ನಾ ಅದೇನಿ. ಕುಡ್ಡಲ್ಲ, ಕಣ್ಣಿದ್ದಂವ ಅದೇನಿ. ಬೈರಿ ಈಗ. ಬೈರಲೇ!"

ಬೈಗುಳದ ಕಣಜವೇ ಆಗಿದ್ದ ಅಂಗಡಿಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಸಿದ್ದಲಿಂಗನೇ ಮೊದಲು ಬಾಯಿ ತೆರೆದ. ಅವನ ಮುಖ ಬಾಡಿತ್ತು. "ಹಂಗಾರ ಆ ಕಪ್ಪು... ನಮ್ದಲ್ಲೇನ್ರಿ ಸರ?" ಅಂದ. ಯಾರೂ ನಗಲಿಲ್ಲ. ಅವನು ಟೋಪಿ ಹಾಕಿಕೊಂಡ, ಮತ್ತೆ ತೆಗೆದ. "ನನ್ನ ತಂಗಿ ಇದ್ಲರಿ ಆ ಟೀಮಿನ್ಯಾಗ. ಆಕಿ ಮದಿವ್ಯಾಗ ಆ ಕಪ್ಪು ಗಂಡನ ಮನಿಗಿ ಕಳಸೇವಿ. ಥೂ ನಿಮ್ಮ." ಹೊರಗೆ ಹೋಗಿ ಬಸ್ಸಿನ ತಗಡನ್ನು ದಬದಬ ಬಡಿದ. ಪ್ರಯಾಣಿಕರು ಒಬ್ಬೊಬ್ಬರಾಗಿ ಎದ್ದು ಮಾಸ್ತರನಿಗೆ ತಾಗದಂತೆ ಪಕ್ಕಕ್ಕೆ ಸರಿದು ಹೋದರು.

ರೇವಣಪ್ಪ ನೆಲದಿಂದ ಎದ್ದ. ಹೊಡೆಯುತ್ತಾನೆ ಅಂದುಕೊಂಡ ಬಸಂತರಾಯ. ಹೊಡೆಯಲಿ ಎಂದು ಕೆನ್ನೆಯನ್ನು ಸ್ವಲ್ಪ ಮುಂದೆ ಕೊಟ್ಟ ಕೂಡ, ಅಲ್ಲಿಯೂ ಒಂದು ಗತ್ತು. ರೇವಣಪ್ಪ ಹತ್ತಿರ ಬಂದ, ಕುರಿಯ ವಾಸನೆ ಬಂತು, ಮೊಬೈಲನ್ನು ಮಾಸ್ತರನ ಬಾಯಿಗೆ ಗೇಣು ದೂರದಲ್ಲಿ ಹಿಡಿದ. ಹೆಬ್ಬೆರಳು ಗುಂಡಿಯ ಮೇಲಿತ್ತು.

"ನನಗ್ಯಾಕ ಹೇಳ್ತೀರಿ. ಆಕಿಗಿ ಹೇಳ್ರಿ."

ಒತ್ತಿದ. ಕೆಂಪು ಚುಕ್ಕೆ ಮಿನುಗಿತು, ಸೆಕೆಂಡು ಓಡಿದವು. ಮೂರು. ನಾಲ್ಕು. ಎಂಟು ದಿನ ನಿಲ್ಲಿಸದೆ ಮಾತಾಡಿದ ಬಾಯಿ, ಮೂವತ್ತು ಪುಟವನ್ನು ಮುನ್ನೂರು ಮಾಡಿದ ಬಾಯಿ, ಒಣಗಿತು. ಈಗಷ್ಟೇ ಕೂಗಿದ ಮಾತೇ, ಇಡೀ ಅಂಗಡಿಗೆ ಹೇಳಿದ್ದು, ಒಬ್ಬಳಿಗೆ ಹೇಳಲು ಬರಲೊಲ್ಲದು. ಒಂಬತ್ತು. ರೇವಣಪ್ಪನ ಹೆಬ್ಬೆರಳು ಕದಲಲಿಲ್ಲ. ಆಡಿನ ಕಾಲು ಹಿಡಿದು ಕೂರುವ ಹೆಬ್ಬೆರಳು, ಸಂಜೆಯ ತನಕ ಹಿಡಿದೀತು. ಹದಿನಾಲ್ಕಾದಾಗ ಬಸಂತರಾಯ, "ಕಾವೇರಿ," ಅಂದ. ಆಮೇಲೆ, "ಉಗುರಿಗಿ ಸುಣ್ಣ ಹತ್ತಿತ್ತವ್ವಾ. ನಾ ಒರಸ್ಕೊ ಅಂದೆ."

ರೇವಣಪ್ಪ ಹೆಬ್ಬೆರಳು ಎತ್ತಿದ. ಮಾತು ಹೋಯಿತು.

ಟಿ.ವಿ.ಯಲ್ಲಿ ಬೇರೆ ಯಾವುದೋ ಆಟ ಶುರುವಾಗಿತ್ತು. ಪೀರಬಿ ಅದನ್ನು ಆರಿಸಿದಳು. ಬಸಂತರಾಯ ಬಿದ್ದಿದ್ದ ಕುರ್ಚಿಯನ್ನು ಎತ್ತಲು ಬಗ್ಗಿದ, ಎತ್ತಿ ಅದರ ಮೇಲೆ ಕೂರುವುದೋ ಬೇಡವೋ ತಿಳಿಯದೆ ಅದರ ಬೆನ್ನು ಹಿಡಿದು ನಿಂತ. ರೇವಣಪ್ಪ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಮಾಸ್ತರನ ಎದುರಿನ ಬೆಂಚಿನ ಮೇಲೆ, ಸರಿಯಾಗಿ ನಡುವೆ, ಕಾಲು ಅಗಲಿಸಿ ಕೂತ. ಮೊಬೈಲನ್ನು ಕಿವಿಗೆ ಹಿಡಿಯದೆ ಮೇಜಿನ ಮೇಲಿಟ್ಟು, ಈಗಷ್ಟೇ ಕಳಿಸಿದ ಮಾತನ್ನೇ ಒತ್ತಿದ. ಹದಿನಾಲ್ಕು ಸೆಕೆಂಡು ಬರೀ ಉಸಿರು. ಆಮೇಲೆ ಯಾರದೋ ಸಣ್ಣ ದನಿ ಹೇಳಿತು: ಕಾವೇರಿ, ಉಗುರಿಗಿ ಸುಣ್ಣ ಹತ್ತಿತ್ತವ್ವಾ, ನಾ ಒರಸ್ಕೊ ಅಂದೆ.

ರೇವಣಪ್ಪ ಮಾಸ್ತರನ ಮುಖವನ್ನೇ ನೋಡುತ್ತ ಮತ್ತೆ ಒತ್ತಿದ. ಮೋರಟಗಿಯ ಬಸ್ಸು ಬಂದು, ಹಾರ್ನ್ ಹಾಕಿ, ನಿಂತು, ಹೋಯಿತು. ಅವನು ಏಳಲಿಲ್ಲ. ಇನ್ನೊಮ್ಮೆ ಒತ್ತಿದ.